ಮೂರನೇ ಸಲದ ಬಿಸಿನೀರು

1786ರ ಶರತ್ಕಾಲದಲ್ಲಿ ಚೀನಾದ ಕವಿ ಯುವಾನ್ ಮೇ ವುಯಿ ಬೆಟ್ಟಕ್ಕೆ ಹೋದ. ಆಗ ಅವನಿಗೆ ಎಪ್ಪತ್ತು ವರ್ಷ. ಹುಟ್ಟೂರು ಹಾಂಗ್‌ಝೌ, ಲಾಂಗ್‌ಜಿಂಗ್ ಹಸಿರು ಚಹಾದ ತವರು. ವುಯಿಯ ಚಹಾ ಎಂದರೆ ಅವನಿಗೆ ಆಗುತ್ತಿರಲಿಲ್ಲ, ಔಷಧಿ ಕುಡಿದಷ್ಟು ಕಹಿ ಎನ್ನುತ್ತಿದ್ದ. ಬೆಟ್ಟದ ಭಿಕ್ಷುಗಳೂ ತಾವೋ ಸಾಧುಗಳೂ ನಾ ಮುಂದು ತಾ ಮುಂದು ಎಂದು ಅದೇ ಚಹಾ ತಂದಿಟ್ಟರು. ಹೂಜಿ ಮಾದಳದ ಹಣ್ಣಿನಷ್ಟು, ಬಟ್ಟಲು ಅಕ್ರೋಟಿನಷ್ಟು. ಗಟಗಟ ಕುಡಿಯಲು ಮನಸ್ಸೇ ಬಾರದು. ಮೂಸಿ, ನಾಲಿಗೆಯ ಮೇಲೆ ಹೊರಳಿಸಿ, ಇನ್ನೊಂದು, ಮತ್ತೊಂದು ಬಟ್ಟಲು ಕುಡಿಯುವಷ್ಟರಲ್ಲಿ ಅವನ ಹಳೆಯ ತಕರಾರು ಕರಗಿಹೋಯಿತು. ತನ್ನೂರಿನ ಲಾಂಗ್‌ಜಿಂಗ್ ತಿಳಿಯಾಗಿದ್ದರೂ ತೆಳು ಎಂದು ಒಪ್ಪಿಕೊಂಡ. 1792ರಲ್ಲಿ ಬಂದ ತನ್ನ ಅಡುಗೆ ಪುಸ್ತಕದಲ್ಲಿ ಇದನ್ನೆಲ್ಲ ಬರೆದು, ಈ ಎಲೆಗೆ ಮೂರು ಸಲ ನೀರು ಹೊಯ್ದರೂ ರುಚಿ ತೀರುವುದಿಲ್ಲ ಎಂದು ಸೇರಿಸಿದ.

ಈ ಮಾತಿನ ತೂಕ ತಿಳಿಯಬೇಕಾದರೆ ಶು ಸಿಶು ಎಂಬಾತ 1597ರಲ್ಲಿ ಕೊಟ್ಟಿದ್ದ ತೀರ್ಪನ್ನು ನೋಡಬೇಕು. ಒಂದು ಹೂಜಿ ಚಹಾಕ್ಕೆ ಎರಡೇ ಸುತ್ತು, ಮೂರನೆಯದಕ್ಕೆ ಆಸೆಯೇ ಬತ್ತುತ್ತದೆ ಎಂದಿದ್ದ ಅವನು. ಆದ್ದರಿಂದ ಹೂಜಿ ಚಿಕ್ಕದಿರಲಿ, ಎಲೆಯಲ್ಲಿ ಉಳಿದ ಪರಿಮಳ ಊಟವಾದ ಮೇಲೆ ಬಾಯಿ ಮುಕ್ಕಳಿಸಲು ಆಗುತ್ತದೆ ಎಂಬ ಸಲಹೆ ಬೇರೆ. ಎಂಥ ಎಲೆ ಮುಕ್ಕಳಿಸುವ ನೀರಿಗೆ ಹೋಯಿತೋ ಎಂದು ಹೊಟ್ಟೆ ಉರಿಯುತ್ತದೆ.

ಅದಕ್ಕೂ ಹಿಂದೆ ಈ ಜಗಳಕ್ಕೆ ಜಾಗವೇ ಇರಲಿಲ್ಲ. ಸಾಂಗ್ ಅರಸರ ಕಾಲದ ರಸಿಕರು ಚಹಾದ ಬಿಲ್ಲೆಯನ್ನು ನುಣ್ಣಗೆ ಬೀಸಿ, ಬಟ್ಟಲಲ್ಲೇ ಬಿದಿರಿನ ಕಡ್ಡಿಗಳಿಂದ ಕಡೆದು ಪುಡಿಸಮೇತ ಕುಡಿದುಬಿಡುತ್ತಿದ್ದರು. ಮತ್ತೆ ನೀರು ಹೊಯ್ಯಲು ಎಲೆ ಎಲ್ಲಿ? 1391ರಲ್ಲಿ ಮಿಂಗ್ ಚಕ್ರವರ್ತಿ ಝು ಯುವಾನ್‌ಝಾಂಗ್ ಬಿಲ್ಲೆಯ ಕಪ್ಪವನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಕಳಿಸಿ ಎಂದ. ಬಡ ರೈತನ ಮನೆಯಲ್ಲಿ ಹುಟ್ಟಿದವನಿಗೆ ಬಿಲ್ಲೆ ಮಾಡುವವರ ಬವಣೆ ಗೊತ್ತಿತ್ತು. ಹೂಜಿಯಲ್ಲಿ ಎಲೆ ನೆನೆಹಾಕುವ ರೂಢಿ ಬೇರೂರಿದ್ದು ಆಮೇಲೆ.

ಶು ಹೇಳಿದ್ದು ಎಳೆ ಚಿಗುರಿನ ಹಸಿರು ಚಹಾದ ಮಟ್ಟಿಗೆ ನಿಜವೇ. ವುಯಿಯದು ಬಲಿತ ಎಲೆ. ಬಾಡಿಸಿ, ಹೊಸೆದು, ಇದ್ದಿಲ ಕಾವಿನಲ್ಲಿ ಹುರಿದದ್ದು. ಸುರುಳಿ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವುದಿಲ್ಲ. ವುಯಿ ಬೆಟ್ಟವಿರುವ ಫೂಜಿಯಾನ್, ಚಾವ್‌ಝೌ ಕಡೆ ಇವತ್ತಿಗೂ ನೂರು ಮಿಲಿಲೀಟರಿನ ಪುಟ್ಟ ಪಾತ್ರೆಗೆ ಆರೇಳು ಗ್ರಾಂ ಎಲೆ ಹಾಕುತ್ತಾರೆ. ಕುದಿನೀರು ಹೊಯ್ದು ಹತ್ತಿಪ್ಪತ್ತು ಸೆಕೆಂಡಿಗೆ ಬಸಿಯುತ್ತಾರೆ, ಮುಂದಿನ ಸುತ್ತುಗಳಿಗೆ ಹೊತ್ತು ಹೆಚ್ಚಿಸುತ್ತ ಹೋಗುತ್ತಾರೆ. ಬಸಿಯುವಾಗ ಹನಿ ನೀರೂ ಉಳಿಯಬಾರದು, ಉಳಿದರೆ ಮುಂದಿನ ಸುತ್ತು ಒಗರು. ಮೊದಲ ಸಲ ಮುಚ್ಚಳ ಎತ್ತಿದಾಗ ಹುರಿದ ಘಾಟು; ಎರಡು ಮೂರನೆಯ ಹೊತ್ತಿಗೆ ಅದು ಸರಿದು, ಒಳಗಿನ ಹೂವಿನ ಕಂಪು ಮುಂದೆ ಬರುತ್ತದೆ. ಬಲ್ಲವರು ಕಾಯುವುದು ಆ ಸುತ್ತಿಗೇ.

ನಮಗೆ ಎರಡನೆಯದು ಎಂದರೆ ಕಾಫಿಯ ಎರಡನೇ ಡಿಕಾಕ್ಷನ್. ನೆಂಟರಿಗೆ ಗಟ್ಟಿ ಮೊದಲನೆಯದು, ಚರಟದ ಮೇಲೆ ಮತ್ತೆ ನೀರು ಹೊಯ್ದು ಇಳಿಸಿದ್ದು ಮನೆಯವರಿಗೆ. ಆ ಬಡತನದ ಗುರುತು ಚಹಾಕ್ಕೂ ಅಂಟಿಕೊಂಡಿದೆ. ಅದರ ಜೊತೆಗೆ, 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಹರಳು ಮಾಡಿತು. ಹಾಲಿನಲ್ಲಿ ಕುದಿಸುವ ಚಹಾಕ್ಕೆ ಅದು ತಕ್ಕದ್ದೇ. ಇದ್ದ ಸಾರವನ್ನೆಲ್ಲ ಒಂದೇ ಕುದಿಗೆ ಕೊಡುತ್ತದೆ. ಆದರೆ ಆ ಅಭ್ಯಾಸದಲ್ಲೇ ದುಬಾರಿ ಇಡೀ ಎಲೆಯನ್ನೂ ಒಂದು ಲೋಟಕ್ಕೆ ಮುಗಿಸಿ, ಅರ್ಧ ಬಿಚ್ಚಿದ ಸುರುಳಿಗಳನ್ನು ತುಳಸಿ ಕುಂಡಕ್ಕೆ ಸುರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಾರುವವರಾದರೂ ಹೇಳಬೇಡವೇ? ನಾನು ಕೊಂಡ ಪೊಟ್ಟಣಗಳ ಮೇಲೆ ಎಷ್ಟು ಚಮಚ, ಎಷ್ಟು ನಿಮಿಷ ಎಂದೆಲ್ಲ ಇರುತ್ತದೆ. ಅದೇ ಎಲೆಗೆ ಇನ್ನೊಮ್ಮೆ ನೀರು ಹೊಯ್ಯಿರಿ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ.