ನಿರ್ವಹಣಾಶಾಸ್ತ್ರದ ನೂತನ ಅಧ್ಯಾಪಕರ ಪ್ರಥಮ ವೇತನ

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದಿದ್ದನು. ಸೊರಬದ ಕಡೆಯ ಒಕ್ಕಲು ಮನೆತನದವನು, ಎಂ.ಬಿ.ಎ. ಮುಗಿಸಿ ಪಿಎಚ್.ಡಿ. ಪದವಿಯನ್ನೂ ಸಂಪಾದಿಸಿದವನು. ಅವನ ಕೈಯಲ್ಲಿ ಎರಡು ಕರೆಗಳಿದ್ದವು. ಒಂದು ಬೆಂಗಳೂರಿನ ಖಾಸಗಿ ಸಂಸ್ಥೆಯದು, ಮತ್ತೊಂದು ಊರಿನ ಸಮೀಪದ ಕಾಲೇಜಿನ ಅತಿಥಿ ಉಪನ್ಯಾಸಕ ಹುದ್ದೆಯದು. "ಗುರುಗಳೇ, ಕಲಿತ ವಿದ್ಯೆ ಒಂದೇ, ಅದಕ್ಕೆ ಸ್ಥಳಕ್ಕೊಂದು ಬೆಲೆ ಏಕೆ?" ಎಂದು ಅವನು ಕೇಳಿದನು. ವ್ಯಾಕರಣ, ಛಂದಸ್ಸುಗಳಲ್ಲಿ ಆಯುಷ್ಯ ಕಳೆದ ನನಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಅನಂತರ ವಿಚಾರಿಸಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಅಧ್ಯಾಪಕನ ಜೀವಿತದ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು, ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವಿದ್ಯಾರ್ಜನೆಗಾಗಿ ತೆರಳಿದುದನ್ನು ಹೇಳುತ್ತದೆ. ಬಳ್ಳಿಗಾವಿಯ ಕೋಡಿಯಮಠವು ವೇದ, ವ್ಯಾಕರಣಾದಿ ಶಾಸ್ತ್ರಗಳ ವ್ಯಾಸಂಗಸ್ಥಾನವಾಗಿದ್ದುದನ್ನು 1162ರ ಶಾಸನವು ವರ್ಣಿಸುತ್ತದೆ. 1058ರ ನಾಗಾವಿ ಶಾಸನವಂತೂ ಘಟಿಕಾಶಾಲೆಯ ಅಧ್ಯಾಪಕರಿಗೂ ಸರಸ್ವತೀ ಭಂಡಾರಿಗರಿಗೂ ಬಿಟ್ಟ ಭೂಮಿಯನ್ನು ಮತ್ತರುಗಳ ಲೆಕ್ಕದಲ್ಲಿ ವಿವರಿಸುತ್ತದೆ. ಶಾಸ್ತ್ರ ಬೇರೆಯಾದಂತೆ ಅಲ್ಲಿ ಮತ್ತರುಗಳ ಸಂಖ್ಯೆಯೂ ಬೇರೆಯಾಗಿದೆ! ವಿಷಯವನ್ನು ನೋಡಿ ವೇತನ ನಿರ್ಧರಿಸುವುದು ಇಂದಿನ ಕಲ್ಪನೆಯೆಂದು ಭಾವಿಸಬೇಕಾಗಿಲ್ಲ.

ಈಗ ವರ್ತಮಾನಕ್ಕೆ ಬರೋಣ. ಸರ್ಕಾರಿ ಕಾಲೇಜುಗಳಲ್ಲಿ ಖಾಯಂ ಆಗಿ ನೇಮಕಗೊಂಡವರ ವೇತನಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಶ್ರೇಣಿಯೇ ಆಧಾರ. ಉಪನ್ಯಾಸಕರ ಆರಂಭದ ಮೂಲವೇತನವು 1973ರ ಶ್ರೇಣಿಯಲ್ಲಿ 700 ರೂಪಾಯಿ, 1986ರಲ್ಲಿ 2,200, 1996ರಲ್ಲಿ 8,000 ಇದ್ದಿತು. 2006ರ ಪರಿಷ್ಕರಣೆಯಲ್ಲಿ 15,600 ರೂಪಾಯಿಗೆ 6,000 ರೂಪಾಯಿಗಳ ಶೈಕ್ಷಣಿಕ ದರ್ಜೆವೇತನ ಕೂಡಿ 21,600 ಆಯಿತು. ಅದನ್ನು 2.67ರಿಂದ ಗುಣಿಸಿ, ಸಮೀಪದ ನೂರಕ್ಕೆ ಹೊಂದಿಸಿದಾಗ 2016ರ ಶ್ರೇಣಿಯ 57,700 ದೊರೆಯಿತು. ಇದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆಗಳು ಸೇರುತ್ತವೆ. ಬಾಡಿಗೆ ಭತ್ಯೆಯು ಊರಿನ ದರ್ಜೆಯನ್ನು ಅನುಸರಿಸುವುದರಿಂದ ಬೆಂಗಳೂರಿನವನಿಗೂ ಶಿಕಾರಿಪುರದವನಿಗೂ ಒಟ್ಟು ಮೊತ್ತದಲ್ಲಿ ಅಂತರ ಬರುತ್ತದೆ, ಮೂಲವೇತನದಲ್ಲಿ ಬರುವುದಿಲ್ಲ. ಈ ಶ್ರೇಣಿಯಲ್ಲಿ ವಿಷಯಭೇದವೂ ಇಲ್ಲ. ಪಂಪನನ್ನು ಬೋಧಿಸುವವನಿಗೂ ಮಾರುಕಟ್ಟೆಯ ತತ್ತ್ವವನ್ನು ಬೋಧಿಸುವವನಿಗೂ ಆರಂಭ ಒಂದೇ.

ಎರಡನೆಯ ಅಂಶ ಅರ್ಹತೆ. ಸ್ನಾತಕೋತ್ತರ ಪದವಿಯ ಮೇಲೆ ನೆಟ್ ಅಥವಾ ರಾಜ್ಯಮಟ್ಟದ ಕೆಸೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ನಿಯಮಾನುಸಾರ ಪಿಎಚ್.ಡಿ. ಪಡೆದವರಿಗೆ ವಿನಾಯಿತಿಯುಂಟು. ಹಿಂದಿನ ಶ್ರೇಣಿಯಲ್ಲಿ ಪಿಎಚ್.ಡಿ. ಇದ್ದವರಿಗೆ ಪ್ರವೇಶದಲ್ಲಿಯೇ ಐದು ಮುಂಗಡ ವೇತನಬಡ್ತಿಗಳು ಲಭಿಸುತ್ತಿದ್ದವು. 2017ರ ಕೇಂದ್ರ ಆದೇಶವು ಅದನ್ನು ಪ್ರತ್ಯೇಕವಾಗಿ ಕೊಡದೆ, ಶೀಘ್ರ ಬಡ್ತಿಯ ರೂಪದಲ್ಲಿ ಅಡಗಿಸಿತು. ಪಿಎಚ್.ಡಿ. ಇದ್ದವರು ನಾಲ್ಕು ವರ್ಷಗಳಲ್ಲಿ, ಎಂ.ಫಿಲ್. ಇದ್ದವರು ಐದರಲ್ಲಿ, ಉಳಿದವರು ಆರರಲ್ಲಿ ಮುಂದಿನ ಹಂತಕ್ಕೆ ಅರ್ಹರಾಗುತ್ತಾರೆ. ಹೀಗೆ ಸಂಶೋಧನೆಯ ಫಲವು ಮೊದಲ ತಿಂಗಳಿನಲ್ಲಿ ಕಾಣದೆ ತಡವಾಗಿ ಕೈಸೇರುತ್ತದೆ.

ಮೂರನೆಯದು, ಎಲ್ಲಕ್ಕಿಂತಲೂ ಪ್ರಬಲವಾದುದು, ನೇಮಕದ ಸ್ವರೂಪ. ಅದೇ ಅರ್ಹತೆಯವನು ಅತಿಥಿ ಉಪನ್ಯಾಸಕನಾದರೆ ಶ್ರೇಣಿಯೇ ಅವನಿಗೆ ಅನ್ವಯಿಸದು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯವರೆಗೆ ಈ ಗೌರವಧನ ತಿಂಗಳಿಗೆ 11,000 ಅಥವಾ 13,000 ರೂಪಾಯಿ ಮಾತ್ರವಿದ್ದಿತು. ಆಗಿನ ಪರಿಷ್ಕರಣೆಯಲ್ಲಿ ಅರ್ಹತೆ ಹಾಗೂ ಅನುಭವಗಳನ್ನು ನೋಡಿ 26,000ದಿಂದ 32,000ದವರೆಗೆ ಏರಿತು. ಜತೆಗೆ ವಾರದ ಬೋಧನಾವಧಿಯೂ ಹೆಚ್ಚಿತು. 2024ರಲ್ಲಿ ಸೇವಾವಧಿಗನುಸಾರವಾಗಿ ಇನ್ನಷ್ಟು ಹೆಚ್ಚಳ ದೊರೆಯಿತು. ಆದರೂ ಒಂದೇ ಕೊಠಡಿಯಲ್ಲಿ ಒಂದೇ ಪಠ್ಯವನ್ನು ಬೋಧಿಸುವ ಇಬ್ಬರ ನಡುವಿನ ಅಂತರವು ಇನ್ನೂ ದೊಡ್ಡದಾಗಿಯೇ ಉಳಿದಿದೆ.

ನಾಲ್ಕನೆಯದು ಸಂಸ್ಥೆಯ ಸ್ಥಾನಮಾನ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಂತಹ ಕೇಂದ್ರ ಸಂಸ್ಥೆಗಳಲ್ಲಿ ಪ್ರಥಮ ದರ್ಜೆಯ ಸಹಾಯಕ ಪ್ರಾಧ್ಯಾಪಕರ ಮೂಲವೇತನವು ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ 1,01,500 ರೂಪಾಯಿಯಿಂದ ಆರಂಭವಾಗುತ್ತದೆ. ಅಲ್ಲಿ ಪಿಎಚ್.ಡಿ. ಪದವಿಯೊಂದೇ ಸಾಲದು; ಉತ್ತಮ ಸಂಶೋಧನೆಯೂ ಬೇಕು. ಅನುದಾನರಹಿತ ಖಾಸಗಿ ಕಾಲೇಜುಗಳಲ್ಲಾದರೋ ವೇತನದ ಮೂಲ ವಿದ್ಯಾರ್ಥಿಗಳ ಶುಲ್ಕ. ಪ್ರವೇಶ ಕುಗ್ಗಿದರೆ ಅಧ್ಯಾಪಕನ ಒಲೆಯೂ ಕುಗ್ಗುತ್ತದೆ. ಕಾಗದದಲ್ಲಿ ಬರೆದ ಸಂಬಳಕ್ಕೂ ಕೈಗೆ ಬರುವ ಸಂಬಳಕ್ಕೂ ಕೆಲವೆಡೆ ತಾಳೆಯಾಗದೆಂಬುದನ್ನು ನನ್ನ ಶಿಷ್ಯರು ಕಣ್ಣೀರಿನೊಡನೆ ಹೇಳಿದ್ದಾರೆ.

ಐದನೆಯದು ಹೊರಗಿನ ಬೇಡಿಕೆ. ಅಮೆರಿಕದ ವಾಣಿಜ್ಯ ವಿದ್ಯಾಲಯಗಳಲ್ಲಿ ಲೆಕ್ಕಶಾಸ್ತ್ರ, ಹಣಕಾಸು ವಿಷಯಗಳ ನೂತನ ಪ್ರಾಧ್ಯಾಪಕರಿಗೆ ಸಾಹಿತ್ಯ, ಇತಿಹಾಸಗಳ ಪ್ರಾಧ್ಯಾಪಕರಿಗಿಂತ ಬಹಳ ಹೆಚ್ಚಿನ ವೇತನವುಂಟು. ಆ ವಿಷಯಗಳಲ್ಲಿ ಪಿಎಚ್.ಡಿ. ಪಡೆದವರು ವಿರಳ, ಬ್ಯಾಂಕು, ಕಂಪನಿಗಳೂ ಅವರನ್ನು ಕರೆಯುತ್ತವೆ, ಆದುದರಿಂದ ವಿದ್ಯಾಲಯವು ಅವುಗಳೊಡನೆ ಪೈಪೋಟಿ ನಡೆಸಬೇಕಾಗುತ್ತದೆ. ಸಂಶೋಧನೆಗೆ ಪ್ರಾಧಾನ್ಯವೀಯುವ ವಿದ್ಯಾಲಯವು ಹೆಚ್ಚು ಕೊಟ್ಟು ತರಗತಿಗಳ ಹೊರೆಯನ್ನು ಇಳಿಸುತ್ತದೆ.

ಇಷ್ಟನ್ನು ತಿಳಿದ ಮೇಲೆ ಶಿಷ್ಯನಿಗೆ ಹೀಗೆಂದೆನು: "ಮಗು, ಮೊದಲ ತಿಂಗಳ ಮೊತ್ತವೊಂದನ್ನೇ ನೋಡಬೇಡ. ನೇಮಕ ಖಾಯಮೋ ತಾತ್ಕಾಲಿಕವೋ, ವಾರಕ್ಕೆ ಎಷ್ಟು ಗಂಟೆ ಪಾಠ, ಸಂಶೋಧನೆಗೆ ಬಿಡುವು ಉಂಟೋ ಇಲ್ಲವೋ, ಬಾಡಿಗೆ ಕೊಟ್ಟು ಉಳಿಯುವುದೆಷ್ಟು, ಈ ನಾಲ್ಕನ್ನೂ ಲಿಖಿತವಾಗಿ ಕೇಳಿಕೋ." ಅವನು ಬೆಂಗಳೂರಿಗೆ ಹೋದನು. ಊರಿನ ಮಕ್ಕಳು ಒಬ್ಬ ಒಳ್ಳೆಯ ಮೇಷ್ಟ್ರನ್ನು ಕಳೆದುಕೊಂಡರು. ತಪ್ಪು ಅವನದೆಂದು ನಾನು ಹೇಳಲಾರೆ.

ಕುಮುದ್ವತಿ, ದಂಡಾವತಿಗಳ ತೀರದ ನಮ್ಮ ಕಾಲೇಜುಗಳಲ್ಲಿ ವಾಣಿಜ್ಯ ವಿಷಯಗಳನ್ನು ಬಯಸಿ ಬರುವವರು ರೈತರ, ಸಣ್ಣ ವ್ಯಾಪಾರಿಗಳ ಮಕ್ಕಳು. ಅವರಿಗೆ ಸಮರ್ಥ ಗುರುಗಳು ಊರಿನಲ್ಲಿಯೇ ದೊರೆಯಬೇಕಾದರೆ ಕಟ್ಟಡವೊಂದೇ ಸಾಲದು. ದಾನಿಗಳು ಕೊಠಡಿಗೆ ಹೆಸರು ಕೆತ್ತಿಸುವಂತೆ ಅಧ್ಯಾಪಕ ಪೀಠಕ್ಕೂ ದತ್ತಿಯಿಡಲಿ. ಭೂಮಿಯನ್ನು ಬಿಟ್ಟ ನಮ್ಮ ಪೂರ್ವಜರು ಕಟ್ಟಡದೊಡನೆ ಗುರುವಿನ ಅನ್ನವನ್ನೂ ನೆನೆದಿದ್ದರು; ನಾವೂ ಅದನ್ನು ಮರೆಯದಿರೋಣ.