ನೆನಪಿನಿಂದ ಹೊರಬಂದ ಪ್ರಶ್ನೆಗಳು: ಜಿಮ್ಯಾಟ್ ಪರೀಕ್ಷೆ ಶಿಕ್ಷಕರಿಗೆ ಕಲಿಸುವ ಪಾಠ

ಪರೀಕ್ಷಾ ಕೊಠಡಿಯಿಂದ ಹೊರಬಂದ ವಿದ್ಯಾರ್ಥಿಯನ್ನು ಶಿಕ್ಷಕರು ಸಾಮಾನ್ಯವಾಗಿ ಕೇಳುವ ಮೊದಲ ಮಾತು, 'ಏನೇನು ಬಂದಿತ್ತು?' ಎಂಬುದು. ಶಾಲಾ ಪರೀಕ್ಷೆಯ ಮಟ್ಟಿಗೆ ಇದರಲ್ಲಿ ದೋಷವೇನೂ ಇಲ್ಲ. ಪ್ರಶ್ನೆಪತ್ರಿಕೆ ಮಗುವಿನ ಕೈಯಲ್ಲೇ ಇರುತ್ತದೆ. ಆ ಪತ್ರಿಕೆಯ ಕೆಲಸ ಅಂದಿಗೆ ಮುಗಿದಿರುತ್ತದೆ. ಆದರೆ ಇದೇ ಮಾತನ್ನು ಕೇಳುವುದೂ ಅದಕ್ಕೆ ಉತ್ತರಿಸುವುದೂ ಅಪರಾಧವಾಗುವ ಪರೀಕ್ಷೆಗಳು ಇವೆ. ನಮ್ಮ ಶಾಲೆಗಳಲ್ಲಿ ಕಲಿತು, ಪದವಿ ಮುಗಿಸಿ, ವ್ಯವಹಾರಾಡಳಿತದ ಉನ್ನತ ಶಿಕ್ಷಣಕ್ಕೆ ಹೊರಟವರು ಎದುರಿಸಬೇಕಾದ ಜಿಮ್ಯಾಟ್ ಅವುಗಳಲ್ಲಿ ಒಂದು. ಅಂತಹ ಪರೀಕ್ಷೆಯ ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಬಂದು ಇತರರಿಗೆ ಒದಗಿಸುವ ರೂಢಿಯ ಸ್ವರೂಪವೇನು, ಅದರಿಂದ ಯಾರಿಗೆ ಹಾನಿ, ಶಾಲಾ ತರಗತಿಗೆ ಅದರಿಂದ ಸಿಗುವ ತಿಳಿವಳಿಕೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪರೀಕ್ಷೆಯ ಸ್ವರೂಪ

ಗ್ರಾಜುಯೇಟ್ ಮ್ಯಾನೇಜ್‌ಮೆಂಟ್ ಅಡ್ಮಿಷನ್ ಟೆಸ್ಟ್ ಎಂಬುದರ ಹ್ರಸ್ವರೂಪವೇ ಜಿಮ್ಯಾಟ್. ಅಮೆರಿಕದ ಕೆಲವು ವ್ಯವಹಾರಾಡಳಿತ ಶಾಲೆಗಳು ಸೇರಿ ರೂಪಿಸಿದ ಈ ಪರೀಕ್ಷೆ 1954ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಯಿತು. ಗ್ರಾಜುಯೇಟ್ ಮ್ಯಾನೇಜ್‌ಮೆಂಟ್ ಅಡ್ಮಿಷನ್ ಕೌನ್ಸಿಲ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ವಿದೇಶದ ವಿಶ್ವವಿದ್ಯಾಲಯಗಳಷ್ಟೇ ಅಲ್ಲದೆ ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್, ಬೆಂಗಳೂರಿನ ಐಐಎಂ ಅನುಭವಸ್ಥರಿಗಾಗಿ ನಡೆಸುವ ಒಂದು ವರ್ಷದ ಕೋರ್ಸು ಮೊದಲಾದವೂ ಇದರ ಅಂಕಗಳನ್ನು ಪರಿಗಣಿಸುತ್ತವೆ.

2024ರ ಫೆಬ್ರುವರಿಯಿಂದ ಪೂರ್ಣವಾಗಿ ಜಾರಿಗೆ ಬಂದ ಹೊಸ ರೂಪದಲ್ಲಿ ಒಟ್ಟು 64 ಪ್ರಶ್ನೆಗಳಿವೆ. ಗಣಿತಕ್ಕೆ 21, ಭಾಷೆಗೆ 23, ದತ್ತಾಂಶ ವಿಶ್ಲೇಷಣೆಗೆ 20. ಒಂದೊಂದು ಭಾಗಕ್ಕೆ 45 ನಿಮಿಷ. ಒಟ್ಟು ಅಂಕ 205ರಿಂದ 805ರವರೆಗೆ ಇರುತ್ತದೆ.

1997ರಿಂದ ಈ ಪರೀಕ್ಷೆ ಗಣಕಯಂತ್ರದಲ್ಲಿ ನಡೆಯುತ್ತಿದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಎಂಬುದು ಇಲ್ಲಿಲ್ಲ. ಅಭ್ಯರ್ಥಿ ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಎಷ್ಟು ಪ್ರಶ್ನೆಗಳಿಗೆ ಸರಿಯುತ್ತರ ಬಂತು ಎಂಬುದರ ಜೊತೆಗೆ ಅವು ಎಷ್ಟು ಕಠಿಣವಾಗಿದ್ದವು ಎಂಬುದೂ ಲೆಕ್ಕಕ್ಕೆ ಬರುತ್ತದೆ. ವರ್ಷದ ಬಹುತೇಕ ದಿನಗಳಲ್ಲಿ, ಜಗತ್ತಿನ ನಾನಾ ಊರುಗಳಲ್ಲಿ ಪರೀಕ್ಷೆ ನಡೆಯುವುದರಿಂದ, ದೊಡ್ಡ ಪ್ರಶ್ನೆಭಂಡಾರವೊಂದರಿಂದ ಆಯ್ದ ಪ್ರಶ್ನೆಗಳೇ ಬೇರೆ ಬೇರೆ ಅಭ್ಯರ್ಥಿಗಳ ಮುಂದೆ ಮತ್ತೆ ಮತ್ತೆ ಬರುತ್ತವೆ. ನೆನಪಿನ ವ್ಯಾಪಾರಕ್ಕೆ ದಾರಿಯಾದದ್ದು ಈ ವ್ಯವಸ್ಥೆಯೇ.

ಒಂದು ಪ್ರಶ್ನೆಯ ಬೆಲೆ

ಭಂಡಾರಕ್ಕೆ ಸೇರುವ ಪ್ರಶ್ನೆಯನ್ನು ವಿಷಯತಜ್ಞರು ಬರೆದು, ಇತರರು ತಿದ್ದಿದರೆ ಸಾಲದು. ಅದನ್ನು ನಿಜವಾದ ಅಭ್ಯರ್ಥಿಗಳ ಮುಂದೆ, ಅಂಕಕ್ಕೆ ಸೇರಿಸದೆ, ಪ್ರಯೋಗಕ್ಕಾಗಿ ಇಡುತ್ತಾರೆ. ಯಾವ ಸಾಮರ್ಥ್ಯದವರು ಅದನ್ನು ಬಿಡಿಸಿದರು, ಯಾರು ತಪ್ಪಿದರು ಎಂಬುದನ್ನು ಪರಿಶೀಲಿಸಿ ಅದರ ಕಠಿಣತೆಯನ್ನು ನಿರ್ಧರಿಸುತ್ತಾರೆ. ಅಕ್ಕಸಾಲಿಗನ ತಕ್ಕಡಿಗೆ ತೂಕದ ಬಟ್ಟುಗಳಿದ್ದಂತೆ ಈ ಪರೀಕ್ಷೆಗೆ ಪ್ರಶ್ನೆಗಳು. ಬಟ್ಟಿನ ತೂಕ ನಿಖರವಾಗಿದ್ದರೆ ಮಾತ್ರ ತಕ್ಕಡಿಯ ಮಾತನ್ನು ನಂಬಬಹುದು.

ಕಠಿಣವೆಂದು ಗುರುತಿಸಿದ ಪ್ರಶ್ನೆಯೊಂದು ನೆನಪಿನ ಮೂಲಕ ಹೊರಬಿದ್ದು, ಅದರ ಉತ್ತರವನ್ನು ನೂರಾರು ಮಂದಿ ಮೊದಲೇ ತಿಳಿದಿದ್ದರೆ, ಬಟ್ಟಿನ ತೂಕ ಕೆಡುತ್ತದೆ. ಯಂತ್ರ ಅದನ್ನು ಇನ್ನೂ ಕಠಿಣವೆಂದೇ ಎಣಿಸಿ ಹೆಚ್ಚಿನ ಮನ್ನಣೆ ಕೊಡುತ್ತದೆ. ಅದನ್ನು ಮೊದಲ ಬಾರಿಗೆ ನೋಡಿ, ಯೋಚಿಸಿ, ಎರಡು ನಿಮಿಷ ಕಳೆದು ಬಿಡಿಸಿದ ವಿದ್ಯಾರ್ಥಿಗೂ, ನೋಡಿದೊಡನೆ ಉತ್ತರ ಗುರುತಿಸಿದವನಿಗೂ ಭೇದ ಉಳಿಯುವುದಿಲ್ಲ. ಉಳಿಸಿದ ಆ ಎರಡು ನಿಮಿಷಗಳೂ ಎರಡನೆಯವನಿಗೇ ಲಾಭ.

ನಡೆದ ಕೆಲವು ಪ್ರಸಂಗಗಳು

ಈ ಅಪಾಯ ಮೊದಲು ಬೆಳಕಿಗೆ ಬಂದದ್ದು ಜಿಆರ್‌ಇ ಎಂಬ ಇನ್ನೊಂದು ಉನ್ನತ ಶಿಕ್ಷಣ ಪ್ರವೇಶ ಪರೀಕ್ಷೆಯಲ್ಲಿ. 1994ರಲ್ಲಿ ಅಮೆರಿಕದ ತರಬೇತಿ ಸಂಸ್ಥೆ ಕಪ್ಲಾನ್ ತನ್ನ ಸಿಬ್ಬಂದಿಯನ್ನೇ ಅಭ್ಯರ್ಥಿಗಳಾಗಿ ಕಳುಹಿಸಿತು. ಅವರು ನೆನಪಿಟ್ಟುಕೊಂಡು ಬಂದ ಪ್ರಶ್ನೆಗಳನ್ನು ಒಟ್ಟುಗೂಡಿಸಿದಾಗ ಭಂಡಾರದ ಗಣನೀಯ ಭಾಗವೇ ಕೈಗೆ ಸಿಕ್ಕಿತು. ಪರೀಕ್ಷೆಯ ದೌರ್ಬಲ್ಯವನ್ನು ತೋರಿಸುವುದೇ ತನ್ನ ಉದ್ದೇಶವೆಂದು ಆ ಸಂಸ್ಥೆ ಹೇಳಿತು. ಪರೀಕ್ಷೆ ನಡೆಸುತ್ತಿದ್ದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಗಣಕ ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಿ, ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಎರಡನೆಯ ಪ್ರಸಂಗ ಪೂರ್ವ ಏಷ್ಯಾದ್ದು. ಚೀನಾದಲ್ಲಿ ಹೀಗೆ ನೆನಪಿನಿಂದ ಸಂಗ್ರಹಿಸಿದ ಪ್ರಶ್ನೆಗಳಿಗೆ 'ಜೀಜಿಂಗ್' ಎಂಬ ಹೆಸರೇ ರೂಢಿಗೆ ಬಂದಿದೆ. 'ಜೀ' ಎಂದರೆ ಯಂತ್ರ, ಇಲ್ಲಿ ಗಣಕಯಂತ್ರದ ಪರೀಕ್ಷೆ. 'ಜಿಂಗ್' ಎಂಬುದಕ್ಕೆ ಅನುಭವ ಎಂಬ ಅರ್ಥದೊಡನೆ ಪವಿತ್ರಗ್ರಂಥ ಎಂಬ ಛಾಯೆಯೂ ಇದೆ. ಇಂತಹ ಸಂಗ್ರಹಗಳ ಹಾವಳಿಯಿಂದಾಗಿ 2002ರಲ್ಲಿ ಚೀನಾ, ಹಾಂಗ್‌ಕಾಂಗ್, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಜಿಆರ್‌ಇಯ ಗಣಕ ಪರೀಕ್ಷೆಯನ್ನು ನಿಲ್ಲಿಸಿ, ಕಾಗದದ ಪರೀಕ್ಷೆಗೆ ಮರಳಲಾಯಿತು. ತಮಗೆ ಅನುಕೂಲವಾದ ದಿನ ಪರೀಕ್ಷೆ ಬರೆಯಬಹುದಾಗಿದ್ದ ಅಭ್ಯರ್ಥಿಗಳು ವರ್ಷದ ಕೆಲವೇ ದಿನಗಳಿಗೆ ಕಾಯಬೇಕಾಯಿತು. ಸಂಗ್ರಹಗಳನ್ನು ಕಣ್ಣೆತ್ತಿಯೂ ನೋಡದವರು ಕೂಡ ಈ ತೊಂದರೆಯನ್ನು ಹಂಚಿಕೊಂಡರು.

ಮೂರನೆಯದು ಜಿಮ್ಯಾಟಿಗೇ ಸಂಬಂಧಿಸಿದ್ದು. ಶುಲ್ಕ ಪಡೆದು ಚಾಲ್ತಿಯಲ್ಲಿರುವ ಪ್ರಶ್ನೆಗಳನ್ನು ಒದಗಿಸುತ್ತಿದ್ದ ಸ್ಕೋರ್‌ಟಾಪ್ ಎಂಬ ಜಾಲತಾಣದ ವಿರುದ್ಧ ಕೌನ್ಸಿಲ್ ಹೂಡಿದ ದಾವೆಯಲ್ಲಿ 2008ರಲ್ಲಿ ಅಮೆರಿಕದ ನ್ಯಾಯಾಲಯ ಸುಮಾರು 23 ಲಕ್ಷ ಡಾಲರುಗಳ ಪರಿಹಾರಕ್ಕೆ ಆದೇಶಿಸಿತು. ದಾವೆ ಅಷ್ಟಕ್ಕೇ ಮುಗಿಯಲಿಲ್ಲ. ಆ ತಾಣದ ದಾಖಲೆಗಳ ಆಧಾರದ ಮೇಲೆ 84 ಅಭ್ಯರ್ಥಿಗಳ ಅಂಕಗಳನ್ನು ಕೌನ್ಸಿಲ್ ರದ್ದುಪಡಿಸಿ, ಅವನ್ನು ಪಡೆದಿದ್ದ ಶಾಲೆಗಳಿಗೂ ತಿಳಿಸಿತು. ಪ್ರಶ್ನೆ ಬರೆದವರಂತೆ ಪ್ರಶ್ನೆ ಓದಿದವರೂ ಅವರಲ್ಲಿದ್ದರು.

ಪರೀಕ್ಷೆ ಆರಂಭವಾಗುವ ಮುನ್ನವೇ ಪ್ರತಿಯೊಬ್ಬ ಅಭ್ಯರ್ಥಿಯೂ ಪ್ರಶ್ನೆಗಳನ್ನು ಯಾವ ರೂಪದಲ್ಲಿಯೂ ಹೊರಗೆಡಹುವುದಿಲ್ಲವೆಂದು ಒಪ್ಪಿಗೆ ನೀಡಿರುತ್ತಾನೆ. ಗೆಳೆಯನಿಗೆ ಉಪಕಾರವಾಗಲೆಂದು ಪ್ರಶ್ನೆ ಹೇಳಿದರೂ ಕೊಟ್ಟ ಮಾತನ್ನು ಮುರಿದಂತೆಯೇ ಸರಿ.

ನೆನಪು ಪ್ರಶ್ನೆಯನ್ನು ಕೆಡಿಸುವ ಬಗೆ

ನೀತಿಯ ಮಾತನ್ನು ಬದಿಗಿಟ್ಟರೂ ಇಂತಹ ಪ್ರಶ್ನೆಗಳನ್ನು ನಂಬುವುದು ಜಾಣತನವಲ್ಲ. ಇಂಗ್ಲೆಂಡಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಷ್ಟು ಹಿಂದೆಯೇ ತೋರಿಸಿಕೊಟ್ಟಂತೆ, ಮನುಷ್ಯ ನೆನಪಿಸಿಕೊಳ್ಳುವಾಗ ಓದಿದ್ದನ್ನು ಹಾಗೆಯೇ ಮರಳಿ ತೆಗೆಯುವುದಿಲ್ಲ. ಅದರ ಸಾರವನ್ನು ಹಿಡಿದು, ತನಗೆ ತೋಚಿದಂತೆ ಮತ್ತೆ ಕಟ್ಟುತ್ತಾನೆ. ಕಥೆಗೆ ಸಾರ ಸಾಕಾಗಬಹುದು. ಜಿಮ್ಯಾಟಿನ ಪ್ರಶ್ನೆಗೆ ಸಾಲದು. ಈ ಮಾದರಿಯನ್ನು ಗಮನಿಸಿ:

'ಕ' ಒಂದು ಧನ ಸಂಖ್ಯೆ. 'ಕ'ದ ಬೆಲೆ ಎಷ್ಟು?
ಹೇಳಿಕೆ 1: 'ಕ'ದ ವರ್ಗ 49.
ಹೇಳಿಕೆ 2: 'ಕ' 5ಕ್ಕಿಂತ ದೊಡ್ಡದು.

ಬೆಲೆಯನ್ನು ಖಚಿತವಾಗಿ ಹೇಳಲು ಯಾವ ಹೇಳಿಕೆ ಸಾಕು ಎಂಬುದನ್ನು ಇಲ್ಲಿ ನಿರ್ಧರಿಸಬೇಕು. ವರ್ಗ 49 ಆಗಿರುವ ಧನ ಸಂಖ್ಯೆ 7 ಒಂದೇ. ಆದ್ದರಿಂದ ಮೊದಲ ಹೇಳಿಕೆಯೊಂದೇ ಸಾಕು. ಎರಡನೆಯದೊಂದೇ ಸಾಲದು. ಈಗ ಪ್ರಶ್ನೆಯನ್ನು ನೆನಪಿನಿಂದ ಬರೆದವನು 'ಧನ' ಎಂಬ ಎರಡಕ್ಷರವನ್ನು ಬಿಟ್ಟನೆಂದುಕೊಳ್ಳೋಣ. ಆಗ 'ಕ' 7 ಆಗಬಹುದು, ಋಣ 7 ಕೂಡ ಆಗಬಹುದು. ಮೊದಲ ಹೇಳಿಕೆ ಸಾಲದೆ ಎರಡೂ ಬೇಕಾಗುತ್ತವೆ. ಎರಡಕ್ಷರ ಬಿದ್ದುಹೋದೊಡನೆ ಉತ್ತರವೇ ಬದಲಾಯಿತು. 'ಎರಡೂ ಹೇಳಿಕೆ ಬೇಕು' ಎಂದು ಬಾಯಿಪಾಠ ಮಾಡಿದವನು ನಿಜವಾದ ಪ್ರಶ್ನೆ ಎದುರಾದಾಗ, ಅದನ್ನು ಸರಿಯಾಗಿ ಓದುವ ಗೋಜಿಗೂ ಹೋಗದೆ ತಪ್ಪುತ್ತರ ಗುರುತಿಸುತ್ತಾನೆ. ಏನನ್ನೂ ಕೇಳದೆ ಹೋದವನು ಪ್ರಶ್ನೆಯನ್ನಾದರೂ ಓದುತ್ತಿದ್ದ.

ಪ್ರಶ್ನೆ ನಿಖರವಾಗಿಯೇ ದೊರೆತರೂ ತೊಡಕು ತಪ್ಪದು. ಕದ್ದ ಉತ್ತರಗಳಿಂದ ಮೇಲೇರಿದವನಿಗೆ ಯಂತ್ರ ಇನ್ನೂ ಕಠಿಣವಾದ ಪ್ರಶ್ನೆಗಳನ್ನು ಕೊಡುತ್ತ ಹೋಗುತ್ತದೆ. ಅವು ಅವನ ಸಂಗ್ರಹದಲ್ಲಿ ಇಲ್ಲದಿದ್ದರೆ ಅವನನ್ನು ಕಾಯುವುದು ಅವನ ಸ್ವಂತ ಸಾಮರ್ಥ್ಯ ಮಾತ್ರ.

ಅನುವಾದಿಸುವ ಶಿಕ್ಷಕರಿಗೆ ಒಂದು ಎಚ್ಚರಿಕೆ

ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಈ ಉದಾಹರಣೆಯ ಮರ್ಮ ಬೇಗ ತಿಳಿಯುತ್ತದೆ. ಮಲಯಾಳ, ತಮಿಳು, ಮರಾಠಿ, ತೆಲುಗು ಅಥವಾ ಇಂಗ್ಲಿಷಿನಲ್ಲಿ ಸಿದ್ಧವಾದ ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗಲೂ ಬಿದ್ದುಹೋಗುವುದು ಇಂತಹ ಚಿಕ್ಕ ಪದಗಳೇ. 'ಎರಡು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳ ಮೊತ್ತ 10. ಅವು ಯಾವುವು?' ಎಂಬುದಕ್ಕೆ 3 ಮತ್ತು 7 ಎಂಬ ಒಂದೇ ಉತ್ತರ. 'ಬೇರೆ ಬೇರೆ' ಎಂಬುದನ್ನು ಬಿಟ್ಟರೆ 5 ಮತ್ತು 5 ಕೂಡ ಸರಿಯಾಗುತ್ತದೆ. ಆಗ ಸರಿಯುತ್ತರ ಬರೆದ ಮಗು ಅಂಕ ಕಳೆದುಕೊಳ್ಳುತ್ತದೆ. ಆದುದರಿಂದ ಪ್ರಶ್ನೆಯನ್ನು ಎಂದೂ ನೆನಪಿನಿಂದ ಅನುವಾದಿಸಬಾರದು. ಮೂಲವನ್ನು ಎದುರಿಗಿಟ್ಟುಕೊಂಡು, 'ಮಾತ್ರ', 'ಕನಿಷ್ಠ', 'ಪೂರ್ಣಾಂಕ', 'ಧನ', 'ಬೇರೆ ಬೇರೆ' ಮುಂತಾದ ಪದಗಳನ್ನು ಒಂದೊಂದಾಗಿ ತಾಳೆ ನೋಡಬೇಕು.

ಹಳೆಯ ಪ್ರಶ್ನೆಗಳೆಲ್ಲವೂ ನಿಷಿದ್ಧವೇ?

ಖಂಡಿತವಾಗಿಯೂ ಅಲ್ಲ. ಕೌನ್ಸಿಲ್ ತಾನೇ ಬಳಸಿ ನಿವೃತ್ತಗೊಳಿಸಿದ ಪ್ರಶ್ನೆಗಳನ್ನು ಅಧಿಕೃತ ಮಾರ್ಗದರ್ಶಿ ಗ್ರಂಥಗಳಲ್ಲಿ ಪ್ರಕಟಿಸುತ್ತದೆ. ನಮ್ಮ ದೇಶದ ಐಐಎಂಗಳು ನಡೆಸುವ ಕ್ಯಾಟ್ ಪರೀಕ್ಷೆಯಲ್ಲಿ, ಈಚಿನ ವರ್ಷಗಳಲ್ಲಿ, ಅಭ್ಯರ್ಥಿಗಳು ಪರೀಕ್ಷೆಯ ಅನಂತರ ತಮ್ಮ ಉತ್ತರಗಳನ್ನು ನೋಡಿ ಆಕ್ಷೇಪ ಸಲ್ಲಿಸಲು ಅವಕಾಶವಿದೆ. ನ್ಯೂಯಾರ್ಕ್ ರಾಜ್ಯವಂತೂ ಪ್ರವೇಶ ಪರೀಕ್ಷೆಗಳ ಪ್ರಶ್ನೆಗಳನ್ನು ಅಭ್ಯರ್ಥಿಗಳಿಗೆ ತೋರಿಸಬೇಕೆಂದು 1979ರಲ್ಲಿಯೇ ಕಾನೂನು ಮಾಡಿತು. ತನ್ನನ್ನು ಅಳೆದ ಅಳತೆಗೋಲನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇರಬೇಕೆಂಬ ವಾದಕ್ಕೆ ನಿಜವಾದ ತೂಕವಿದೆ. ಆದರೆ ಆ ಹಕ್ಕನ್ನು ಎಲ್ಲರಿಗೂ ಸಮಾನವಾಗಿ, ಬಹಿರಂಗವಾಗಿ ಕೊಡಬೇಕು. ಹಣ ಕೊಟ್ಟವರಿಗೂ ಪರಿಚಯ ಇದ್ದವರಿಗೂ ಗುಟ್ಟಾಗಿ ತಲಪುವ ಪ್ರಶ್ನೆ ಆ ಹಕ್ಕಿನ ಅಣಕವಾಗುತ್ತದೆ. ದೊಡ್ಡ ನಗರದ ತರಬೇತಿ ಕೇಂದ್ರಗಳಿಂದ ದೂರವಿರುವ ಗಡಿನಾಡಿನ ಹಳ್ಳಿಯ ವಿದ್ಯಾರ್ಥಿಯೇ ಇಂತಹ ಗುಟ್ಟಿನ ಹಂಚಿಕೆಯಲ್ಲಿ ಮೊದಲು ಹೊರಗುಳಿಯುವವನು.

ಹಳೆಯ ವಿದ್ಯಾರ್ಥಿಯೊಬ್ಬ ಸಲಹೆ ಕೇಳಿ ಬಂದರೆ ಶಿಕ್ಷಕರು ಮೂರು ವಿಷಯಗಳನ್ನು ವಿಚಾರಿಸುವಂತೆ ಅವನಿಗೆ ಹೇಳಬಹುದು. ಈ ಪ್ರಶ್ನೆಯನ್ನು ಪರೀಕ್ಷೆ ನಡೆಸುವವರೇ ಪ್ರಕಟಿಸಿದ್ದಾರೆಯೇ? ಇದನ್ನು ನನಗೆ ಹೇಳಿದವರು, ಹೇಳುವುದಿಲ್ಲವೆಂದು ಮಾತು ಕೊಟ್ಟವರೇ? ಇದರ ಅಂಕಿಗಳನ್ನು ಬದಲಾಯಿಸಿದರೂ ನಾನು ಬಿಡಿಸಬಲ್ಲೆನೇ? ಮೊದಲ ಎರಡರಲ್ಲಿ ಯಾವೊಂದಕ್ಕೆ ಪ್ರತಿಕೂಲ ಉತ್ತರ ಬಂದರೂ ಆ ಪ್ರಶ್ನೆಯನ್ನು ಕೈಬಿಡುವುದೇ ಕ್ಷೇಮ. ಮೂರನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ಅಭ್ಯಾಸ ಇನ್ನೂ ಆಗಿಲ್ಲವೆಂದು ತಿಳಿಯಬೇಕು.

ತರಗತಿಯಲ್ಲಿ ಅಳವಡಿಸಬಹುದಾದ ಚಟುವಟಿಕೆಗಳು

ನೆನಪಿಸಿಕೊಳ್ಳುವ ಕ್ರಿಯೆ ಕಲಿಕೆಗೆ ಅತ್ಯಂತ ಉಪಕಾರಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ವಾರ ಕಳೆದ ಮೇಲೆ ಹೆಚ್ಚನ್ನು ಉಳಿಸಿಕೊಂಡಿದ್ದರು. ಈ ಶಕ್ತಿಯನ್ನು ಪಾಠದ ಕಡೆಗೆ ತಿರುಗಿಸಲು ಕೆಳಗಿನ ಚಟುವಟಿಕೆಗಳು ನೆರವಾಗುತ್ತವೆ.

1. ಘಟಕ ಪರೀಕ್ಷೆಯ ಮರುದಿನ, ಪ್ರಶ್ನೆಪತ್ರಿಕೆಯನ್ನು ನೋಡದೆ ಎರಡು ಪ್ರಶ್ನೆಗಳನ್ನು ನೆನಪಿನಿಂದ ಬರೆಯಲು 8ರಿಂದ 10ನೆಯ ತರಗತಿಯ ಮಕ್ಕಳಿಗೆ ಹೇಳಿ. ಬಳಿಕ ಮೂಲದೊಡನೆ ಹೋಲಿಸಿ, ಯಾವ ಪದ ಬಿದ್ದುಹೋಗಿದೆ, ಅದರಿಂದ ಉತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ಚರ್ಚಿಸಿ. ಪ್ರಶ್ನೆಯನ್ನು ಗಮನವಿಟ್ಟು ಓದುವ ಅಭ್ಯಾಸ ಇದರಿಂದ ಬೆಳೆಯುತ್ತದೆ.

2. ಬಿಡಿಸಿದ ಪ್ರತಿಯೊಂದು ಲೆಕ್ಕಕ್ಕೂ ಅಂಕಿಗಳನ್ನು ಬದಲಿಸಿ ಒಂದು, ಷರತ್ತನ್ನು ಬದಲಿಸಿ ಇನ್ನೊಂದು ಲೆಕ್ಕವನ್ನು ಮಕ್ಕಳೇ ರಚಿಸಲಿ.

3. ತಪ್ಪಿದ ಲೆಕ್ಕಗಳಿಗಾಗಿ ಪ್ರತ್ಯೇಕ ಪುಸ್ತಕವಿರಲಿ. ಅದರಲ್ಲಿ ಸರಿಯುತ್ತರದ ಜೊತೆಗೆ, ಆಲೋಚನೆ ಯಾವ ಹಂತದಲ್ಲಿ ದಾರಿ ತಪ್ಪಿತು ಎಂಬುದನ್ನೂ ಒಂದು ವಾಕ್ಯದಲ್ಲಿ ಬರೆಸಿ.

4. ಶಾಲೆಯ ಶಿಕ್ಷಕರು ಕೂಡಿ ತಮ್ಮದೇ ಪ್ರಶ್ನೆಕೋಶವನ್ನು ಕಟ್ಟಿಕೊಳ್ಳಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಎಷ್ಟು ಮಕ್ಕಳು ಸರಿಯುತ್ತರ ಬರೆದರು ಎಂಬುದನ್ನು ಗುರುತಿಸುತ್ತ ಬಂದರೆ, ಕೆಲವು ವರ್ಷಗಳಲ್ಲಿ ಅದರ ಕಠಿಣತೆ ಸ್ಪಷ್ಟವಾಗಿ ತಿಳಿಯುತ್ತದೆ.

'ಏನೇನು ಬಂದಿತ್ತು?' ಎಂದು ಕೇಳುವ ರೂಢಿಯನ್ನು ಬಿಡಬೇಕಾಗಿಲ್ಲ. ಅದರ ಜೊತೆಗೆ 'ಹೇಗೆ ಬಿಡಿಸಿದೆ?' ಎಂದೂ ಕೇಳುತ್ತ ಬಂದರೆ, ಯಾವ ಪರೀಕ್ಷೆಯಲ್ಲಿ ಎಂತಹ ಪ್ರಶ್ನೆ ಬಂದರೂ ಎದುರಿಸುವ ಧೈರ್ಯ ವಿದ್ಯಾರ್ಥಿಗೆ ಶಾಲೆಯಲ್ಲಿಯೇ ದೊರೆಯುತ್ತದೆ.