ಎಂಜಿನ್ ನಿಂತರೆ ವಿಮಾನ ಬೀಳುವುದೇ?

ಪ್ರಶ್ನೆ: ಹಾರುತ್ತಿರುವಾಗಲೇ ಎಂಜಿನ್ ಕೆಟ್ಟರೆ ವಿಮಾನದ ಗತಿಯೇನು? – ಓದುಗರೊಬ್ಬರು, ಅರಕಲಗೂಡು

ಉತ್ತರ: ನಿಮ್ಮ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ವಿಮಾನವೊಂದು 2003ರಲ್ಲಿ ಹೈದರಾಬಾದಿನಿಂದ ವಿಜಯವಾಡಕ್ಕೆ ಉದ್ಘಾಟನಾ ಸಂಚಾರ ಹೊರಡುವ ಮುನ್ನ, ಗಣ್ಯರು ಒಳಗೆ ಆಸೀನರಾಗಿರುವಾಗಲೇ, ಅದರ ಎಂಜಿನಿಗೆ ಬೆಂಕಿ ತಗುಲಿತಾದರೂ ಸಕಲರೂ ಕ್ಷೇಮವಾಗಿ ಕೆಳಗಿಳಿದರು. ಅದು ನೆಲದ ಮೇಲಿನ ಮಾತು; ಹಾರುತ್ತಿರುವಾಗಿನ ಕಥೆಯೇ ಬೇರೆ.

ವಿಮಾನವನ್ನು ಆಕಾಶದಲ್ಲಿ ಎತ್ತಿಹಿಡಿಯುವುದು ರೆಕ್ಕೆಯೇ ಹೊರತು ಎಂಜಿನ್ ಅಲ್ಲ. ಎಂಜಿನ್ನಿನ ಕಾರ್ಯವೇನಿದ್ದರೂ ಆ ರೆಕ್ಕೆಯ ಮೇಲೆ ಗಾಳಿ ಹರಿಯುವಷ್ಟು ವೇಗವನ್ನು ಒದಗಿಸುವುದು. ಎರಡು ಎಂಜಿನುಗಳ ಪ್ರಯಾಣಿಕ ವಿಮಾನವು, ನೆಲ ಬಿಡುವ ನಿರ್ಣಾಯಕ ಕ್ಷಣದಲ್ಲಿ ಒಂದು ನಿಂತರೂ ಇನ್ನೊಂದರಿಂದಲೇ ಮೇಲೇರಬಲ್ಲದೆಂದು ಸಿದ್ಧವಾದ ಹೊರತು ಅದಕ್ಕೆ ಹಾರುವ ಅನುಮತಿಯೇ ದೊರೆಯದು. ಎರಡೂ ನಿಂತವೆನ್ನಿ: ಚನ್ನರಾಯಪಟ್ಟಣದ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿರುವ ಜೆಟ್ ವಿಮಾನವು, ಗಾಳಿ ಪ್ರತಿಕೂಲವಾಗಿರದಿದ್ದರೆ, ಗರುಡನಂತೆ ತೇಲುತ್ತ ಹೆಚ್ಚುಕಡಮೆ ದೇವನಹಳ್ಳಿಯ ನಿಲ್ದಾಣದ ಸಮೀಪಕ್ಕೆ ಬರಬಲ್ಲದು. 1983ರಲ್ಲಿ ಇಂಧನ ತೀರಿಹೋದ ಕೆನಡಾದ ಬೋಯಿಂಗ್ 767 ಹೀಗೆಯೇ ತೇಲಿಬಂದು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಯಿತು, ಯಾರೂ ಸಾಯಲಿಲ್ಲ.

ನಿಜವಾದ ಆತಂಕ ಎತ್ತರ ಕಡಮೆಯಿದ್ದಾಗಿನದು. ತೇಲಲು ಅವಕಾಶವಾಗಲಿ, ಯೋಚಿಸಲು ಕಾಲವಾಗಲಿ ಆಗ ಉಳಿಯದು. 2009ರಲ್ಲಿ ನ್ಯೂಯಾರ್ಕಿನಲ್ಲಿ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನುಗಳು ಶಕ್ತಿಗುಂದಿದಾಗ, ವಿಮಾನಚಾಲಕರು ಹಡ್ಸನ್ ನದಿಯ ಮೇಲೆಯೇ ಇಳಿಸಿ 155 ಮಂದಿಯನ್ನೂ ಉಳಿಸಿದರು. ಹಾಸನದಿಂದ ಹೊಳೆನರಸೀಪುರಕ್ಕೆ ಬೈಕಿನಲ್ಲಿ ತಲೆಗೆ ಹೆಲ್ಮೆಟ್ಟಿಲ್ಲದೆ ಹೊರಡುವವರಿಗೆ, ನನ್ನ ಅಭಿಪ್ರಾಯದಲ್ಲಿ, ವಿಮಾನಕ್ಕೆ ಅಂಜುವ ಅಧಿಕಾರವಿಲ್ಲ.